ಕಡಲಿಗೆ ಹೋದವರ ಸುದ್ದಿ ನಿಂತಾಗ ದಾವಣಗೆರೆ, ಚಿತ್ರದುರ್ಗದ ಮನೆಯವರು ಮಾಡಬೇಕಾದದ್ದು

ಜಗಳೂರು, ಮೊಳಕಾಲ್ಮೂರು ಕಡೆಯಿಂದ ಮಲ್ಪೆ, ಮಂಗಳೂರಿನ ಬೋಟುಗಳಿಗೆ ದುಡಿಯಲು ಹೋದ ಹುಡುಗರ ಮನೆಯವರಲ್ಲಿ ಅನೇಕರು ಕಡಲನ್ನೇ ಕಂಡಿರುವುದಿಲ್ಲ. ಆಳಸಮುದ್ರದ ಬೋಟು ವಾರ, ಹತ್ತು ದಿನ ಹೊರಗೇ ಇರುತ್ತದೆ. ದಡದಿಂದ ದೂರ ಸರಿದಂತೆ ಮೊಬೈಲ್ ಸಿಗ್ನಲ್ ಇಲ್ಲವಾಗುತ್ತದೆ. ಆದ್ದರಿಂದ ಫೋನ್ ಹತ್ತದಿದ್ದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಆದರೆ ಹೇಳಿದ ದಿನ ಬೋಟು ಮರಳದಿದ್ದರೆ ಅಥವಾ ಜೊತೆಗೆ ಹೋದ ಬೋಟುಗಳ ವಯರ್‌ಲೆಸ್‌ಗೂ ಅದು ಉತ್ತರಿಸದಿದ್ದರೆ, ನಾಳೆ ನೋಡೋಣ ಎಂದು ಕೂರಬಾರದು.

ಮೊದಲ ಕೆಲಸ ಹುಡುಗ ಊರು ಬಿಡುವ ಮೊದಲೇ ಆಗಬೇಕು. ಒಂದು ಹಾಳೆಯಲ್ಲಿ ಬೋಟಿನ ಹೆಸರು, ಅದರ ಮೈಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವ ನೋಂದಣಿ ಸಂಖ್ಯೆ, ಬೋಟಿನ ಬಣ್ಣ, ಹೊರಡುವ ಬಂದರು, ಮಾಲೀಕರ ಮತ್ತು ತಾಂಡೇಲರ (ಬೋಟು ನಡೆಸುವ ಮುಖ್ಯಸ್ಥರ) ಫೋನ್ ಸಂಖ್ಯೆಗಳನ್ನು ಬರೆಸಿಕೊಂಡು ಕ್ಯಾಲೆಂಡರಿನ ಪಕ್ಕ ಅಂಟಿಸಿಡಬೇಕು. ಪ್ರತಿ ಸಲ ಹೊರಡುವಾಗ ಹೊರಟ ದಿನ, ಮರಳುವ ದಿನವನ್ನು ಅವನು ಒಂದು ಸಂದೇಶದಲ್ಲಿ ತಿಳಿಸಿದರೆ ಸಾಕು. ಬೋಟಿನಲ್ಲಿ ಲೈಫ್ ಜಾಕೆಟ್ ಮತ್ತು ಅಪಾಯದ ಸಂಕೇತವನ್ನು ಉಪಗ್ರಹದ ಮೂಲಕ ಕಳುಹಿಸುವ ‘ಡ್ಯಾಟ್’ ಸಾಧನ ಇವೆಯೇ ಎಂದು ಆಗಲೇ ಕೇಳಿ. ಹೀಗೆ ಕೇಳಲು ಸಂಕೋಚಪಡಬೇಕಾಗಿಲ್ಲ.

ಸುದ್ದಿ ನಿಂತಾಗ ಮೊದಲು ಮಾಲೀಕರಿಗೆ ಕರೆ ಮಾಡಿ. ಅವರಿಂದ ಸ್ಪಷ್ಟ ಉತ್ತರ ಬಾರದಿದ್ದರೆ ತಡಮಾಡದೆ ಕೋಸ್ಟ್ ಗಾರ್ಡ್‌ನ ಶುಲ್ಕರಹಿತ ಸಂಖ್ಯೆ 1554ಕ್ಕೆ ಕರೆ ಮಾಡಬೇಕು. ಕರಾವಳಿ ಕಾವಲು ಪೊಲೀಸರ ಸಂಖ್ಯೆ 1093, ಅದೂ ಸಿಗದಿದ್ದರೆ 112. ಅಳುತ್ತಾ ಮಾತನಾಡಿದರೆ ಅತ್ತ ಬರೆದುಕೊಳ್ಳುವವರಿಗೆ ಕಷ್ಟವಾಗುತ್ತದೆ; ಆದ್ದರಿಂದ ಮನೆಯಲ್ಲಿ ಸಮಾಧಾನವಾಗಿ ಮಾತನಾಡಬಲ್ಲ ಒಬ್ಬರು ಹಾಳೆಯನ್ನು ಕೈಯಲ್ಲಿ ಹಿಡಿದು ಹೀಗೆ ಹೇಳಲಿ: “ದಾವಣಗೆರೆ ಜಿಲ್ಲೆ ಜಗಳೂರಿನಿಂದ ಮಾತನಾಡುತ್ತಿದ್ದೇನೆ ಸಾರ್. ನನ್ನ ತಮ್ಮ ಮಲ್ಪೆಯ ಬೋಟಿನಲ್ಲಿದ್ದಾನೆ, ಬೋಟಿನ ನಂಬರ್ ಬರೆದುಕೊಳ್ಳಿ. ನಿನ್ನೆ ಸಂಜೆ ಐದಕ್ಕೆ ಕೊನೆಯ ಸಲ ಮಾತನಾಡಿದ, ಇಂಜಿನ್ ಕೆಟ್ಟಿದೆ ಎಂದಿದ್ದ.” ಕರೆ ಸ್ವೀಕರಿಸಿದವರ ಹೆಸರನ್ನೂ ಸಮಯವನ್ನೂ ಅದೇ ಹಾಳೆಯಲ್ಲಿ ಬರೆದಿಡಿ.

ಈ ಕೊನೆಯ ಸಮಯ ಮತ್ತು ಕೊನೆಯ ಜಾಗವೇ ಎಲ್ಲಕ್ಕಿಂತ ಮುಖ್ಯ. ಇಂಜಿನ್ ನಿಂತ ಬೋಟು ಗಾಳಿ, ನೀರಿನ ಸೆಳೆತಕ್ಕೆ ಸಿಕ್ಕಿ ಗಂಟೆಗೆ ಎರಡೇ ನಾಟಿಕಲ್ ಮೈಲಿ ತೇಲಿದರೂ ಆರು ಗಂಟೆಯಲ್ಲಿ ಸುಮಾರು 22 ಕಿಲೋಮೀಟರ್ ಸರಿದಿರುತ್ತದೆ. ಅದು ದಾವಣಗೆರೆಯಿಂದ ಹರಿಹರಕ್ಕಿಂತ ಹೆಚ್ಚಿನ ದೂರ; ಯಾವ ದಿಕ್ಕಿಗೆ ಎಂಬುದು ಗೊತ್ತಿಲ್ಲದಿದ್ದರೆ ಸುತ್ತಲಿನ ಅಷ್ಟೂ ನೀರನ್ನು ಹುಡುಕಬೇಕಾಗುತ್ತದೆ. ಕಡಲಿನ ಮಾಹಿತಿ ನೀಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ರೂಪಿಸಿರುವ ‘ಸರಾಟ್’ ಎಂಬ ವ್ಯವಸ್ಥೆಯೂ ಕಾಣೆಯಾದದ್ದು ಬೋಟೋ ಮನುಷ್ಯನೋ, ಕೊನೆಗೆ ಎಲ್ಲಿ, ಯಾವಾಗ ಇತ್ತು ಎಂಬುದನ್ನು ತಿಳಿದ ಮೇಲೆಯೇ ಹುಡುಕಬೇಕಾದ ಜಾಗವನ್ನು ಅಂದಾಜು ಮಾಡುತ್ತದೆ. ಗಂಟೆ ಖಚಿತವಾಗಿ ನೆನಪಿಲ್ಲದಿದ್ದರೆ ಊಹಿಸಿ ಹೇಳಬೇಡಿ. ಫೋನಿನ ಕರೆಗಳ ಪಟ್ಟಿಯನ್ನು ತೆರೆದು ನೋಡಿ ಹೇಳಿ.

ಮುಂದಿನದು ಮಂಗಳೂರಿನ ಪಣಂಬೂರಿನಲ್ಲಿ ಕರ್ನಾಟಕದ ಕೇಂದ್ರ ಕಚೇರಿ ಹೊಂದಿರುವ ಕೋಸ್ಟ್ ಗಾರ್ಡ್‌ನ ಕೆಲಸ. ಹತ್ತಿರದ ಗಸ್ತು ನೌಕೆಯನ್ನು ಆ ಕಡೆಗೆ ತಿರುಗಿಸುತ್ತಾರೆ, ಅಗತ್ಯವಿದ್ದರೆ ಡಾರ್ನಿಯರ್ ವಿಮಾನ ಹೊರಡುತ್ತದೆ, ಆ ದಾರಿಯಲ್ಲಿ ಸಾಗುವ ಹಡಗುಗಳಿಗೂ ಎಚ್ಚರಿಕೆ ಹೋಗುತ್ತದೆ. 2025ರ ಮೇ ತಿಂಗಳಲ್ಲಿ ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಸಿಮೆಂಟ್ ಹೊತ್ತು ಹೊರಟ ‘ಸಲಾಮತ್’ ಎಂಬ ಸರಕು ನೌಕೆ ಮುಳುಗಿದಾಗ, ಸಣ್ಣ ದೋಣಿಯಲ್ಲಿ ತೇಲುತ್ತಿದ್ದ ಆರು ಮಂದಿಯನ್ನು ಮೊದಲು ಕಂಡು ತಿಳಿಸಿದ್ದು ಆ ದಾರಿಯಲ್ಲಿ ಸಾಗುತ್ತಿದ್ದ ಒಂದು ಹಡಗು; ಗಸ್ತು ನೌಕೆ ‘ವಿಕ್ರಮ್’ ಹೋಗಿ ಆರೂ ಮಂದಿಯನ್ನು ಎತ್ತಿಕೊಂಡಿತು. ಕಂಡದ್ದನ್ನು ತಿಳಿಸುವವರು ಇದ್ದರೆ ಆಗುವ ಉಪಕಾರ ಅಷ್ಟು ದೊಡ್ಡದು.

ನಡುವೆ ನಿಮ್ಮ ಊರಿನ ಠಾಣೆಯಲ್ಲಿಯೂ ನಾಪತ್ತೆ ದೂರು ಕೊಟ್ಟು ಸ್ವೀಕೃತಿ ಪತ್ರ ಪಡೆಯಿರಿ. ಮುಂದೆ ವಿಮೆ, ಪರಿಹಾರದ ಕಾಗದಗಳಿಗೆ ಅದು ಬೇಕಾಗುತ್ತದೆ. ವಾಟ್ಸಾಪ್‌ನಲ್ಲಿ ಬರುವ ಬೋಟು ಸಿಕ್ಕಿತು, ಮುಳುಗಿತು ಎಂಬ ಸಂದೇಶಗಳನ್ನು ಅಧಿಕಾರಿಗಳಿಂದ ಖಚಿತಪಡಿಸಿಕೊಳ್ಳದೆ ಅವನ ತಾಯಿಗೆ ತೋರಿಸಬೇಡಿ.

ರಕ್ಷಿಸಿದವರನ್ನು ಯಾವ ಬಂದರಿನಲ್ಲಿ ಇಳಿಸುತ್ತಾರೆ ಎಂಬುದು ನೌಕೆ ಇರುವ ಜಾಗವನ್ನು ಅವಲಂಬಿಸಿದೆ. ಮಂಗಳೂರಿಗಾದರೆ ಶಿವಮೊಗ್ಗದ ದಾರಿ, ಕಾರವಾರಕ್ಕಾದರೆ ಹುಬ್ಬಳ್ಳಿಯ ದಾರಿ; ಆದ್ದರಿಂದ ಬಂದರಿನ ಹೆಸರು ಖಚಿತವಾಗುವವರೆಗೆ ಹೊರಡಬೇಡಿ, ಹೊರಟ ಮೇಲೂ ಒಬ್ಬರು ಮನೆಯ ಫೋನಿನ ಬಳಿಯೇ ಇರಲಿ. ಅವನ ಆಧಾರ್ ಪ್ರತಿ, ಒಂದು ಜೊತೆ ಬಟ್ಟೆ, ಸ್ವಲ್ಪ ನಗದು ಜೊತೆಗಿರಲಿ. ಅವನ ಫೋನು, ಚೀಲ ಬೋಟಿನಲ್ಲಿಯೇ ಉಳಿದಿರುವ ಸಾಧ್ಯತೆ ಹೆಚ್ಚು.