ರೆಸಿನ್‌ನಲ್ಲಿ ಮಾರುತ್: ರೆಕ್ಕೆ ಬಾಗದಂತೆ ಪ್ರಿಂಟ್ ಮಾಡಿದ ನನ್ನ ಅನುಭವ

"ರೆಸಿನ್‌ನಲ್ಲಿ ತೆಳು ರೆಕ್ಕೆ ಬೇಡ ಮಾರಾಯ, ಒಂದು ಬೇಸಿಗೆ ಕಳೆದರೆ ಬಾಳೆ ಎಲೆ ಥರ ಬಾಗುತ್ತೆ" ಅಂತ ಮಾಡೆಲ್ ಮಾಡುವ ಗೆಳೆಯರೆಲ್ಲ ಹೇಳಿದ್ದರು. ದ್ರವ ರೆಸಿನ್ ಅನ್ನು ಯುವಿ ಬೆಳಕಿನಲ್ಲಿ ಪದರ ಪದರವಾಗಿ ಗಟ್ಟಿ ಮಾಡುವ 3ಡಿ ಪ್ರಿಂಟರ್‌ನಲ್ಲಿ ಮಾಡಿದ ನನ್ನ ಎಚ್‌ಎಫ್-24 ಮಾರುತ್ ಯುದ್ಧವಿಮಾನದ ಪುಟ್ಟ ಮಾದರಿ ಈಗ ಬೇಸಿಗೆ ದಾಟಿ ಕೂತಿದೆ. ಉಕ್ಕಿನ ಸ್ಕೇಲ್ ಇಟ್ಟು ನೋಡಿದೆ, ಎರಡೂ ರೆಕ್ಕೆ ನೆಟ್ಟಗಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಮಾರುತ್ ಯಾಕೆ ಅಂದರೆ, ಅದು ನಮ್ಮ ಊರಿನ ವಿಮಾನ. ಜರ್ಮನ್ ವಿನ್ಯಾಸಕ ಕರ್ಟ್ ಟ್ಯಾಂಕ್ ಎಚ್‌ಎಎಲ್‌ಗೆ ಬಂದು ರೂಪಿಸಿದ್ದು, 1961ರ ಜೂನ್‌ನಲ್ಲಿ ಬೆಂಗಳೂರಲ್ಲೇ ಮೊದಲು ಹಾರಿದ್ದು. ನೆಟ್‌ನಲ್ಲಿ ನನಗೆ ಸಿಕ್ಕ ನಕ್ಷೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ನಿಂತಿರುವ ಮಾರುತ್‌ನ ಫೋಟೋ ತೆಗೆದೆ. ಹತ್ತಿರದಿಂದ ತೆಗೆದರೆ ಮೂಗು ದಪ್ಪ ಕಾಣುತ್ತದೆ. ಆದಷ್ಟು ದೂರ ನಿಂತು ಝೂಮ್ ಮಾಡಿ ತೆಗೆಯಬೇಕು. ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. ಈ ಎರಡು ಅಳತೆಗೆ ಫೋಟೋ ಕೂರಿಸಿ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಎಳೆದೆ. ರೆಕ್ಕೆ ಕೂಡುವ ಕಡೆ ಒಡಲು ಸೊಂಟದಂತೆ ಸಣ್ಣಗಾಗುತ್ತದಲ್ಲ, ಅದೊಂದಕ್ಕೇ ವಾರಗಟ್ಟಲೆ ಹಿಡಿಯಿತು. ಅದು ತಪ್ಪಿದರೆ ಮಾರುತ್ ಆಗುವುದೇ ಇಲ್ಲ.

ನಿಜದ ಅಳತೆಯ 1/72ರಲ್ಲಿ ಉದ್ದ 22 ಸೆಂಟಿಮೀಟರ್. ನನ್ನ ಸೆಕೆಂಡ್ ಹ್ಯಾಂಡ್ ಪ್ರಿಂಟರ್ ಪ್ರಿಂಟ್ ಮಾಡಬಲ್ಲ ಎತ್ತರ 15ರಷ್ಟು. ಹಾಗಾಗಿ ಒಡಲನ್ನು ಒಂದು ಪ್ಯಾನೆಲ್ ಗೆರೆಯ (ವಿಮಾನದ ತಗಡುಗಳು ಕೂಡುವ ಗೆರೆ) ಮೇಲೆಯೇ ಕತ್ತರಿಸಿದೆ. ಆಮೇಲೆ ಪುಟ್ಟಿ ಹಾಕುವ ಕೆಲಸವೇ ಬರಲಿಲ್ಲ. ಗೆರೆಗಳನ್ನು 1/72ರ ಲೆಕ್ಕದ ಪ್ರಕಾರ ಎಳೆದರೆ ಪ್ರೈಮರ್‌ನಲ್ಲೇ ಮುಚ್ಚಿಹೋಗುತ್ತವೆ. ನಾನು 0.2 ಮಿಲಿಮೀಟರ್ ಇಟ್ಟೆ.

ಈಗ ರೆಕ್ಕೆ. ಎಲ್ಲರೂ ಹೇಳುವಂತೆ 45 ಡಿಗ್ರಿ ಓರೆ ಮಾಡಿ, ಕೆಳಗೆ ಕಾಡಿನಷ್ಟು ಆಸರೆ ಕಡ್ಡಿ, ಅಂದರೆ ಸಪೋರ್ಟ್, ಕೊಟ್ಟು ನೋಡಿದೆ. ಅಡಿಭಾಗದ ತುಂಬ ಕಲೆ, ಹಿಂದಿನ ಅಂಚು ಅಲೆ ಅಲೆ. ವಾಟರ್ ವಾಶಬಲ್ ರೆಸಿನ್ ಹಾಕಿದೆ, ಮಳೆಗಾಲದಲ್ಲಿ ಸೀಳು ಬಿಟ್ಟಿತು. ಅಷ್ಟೊತ್ತಿಗೆ ಮೂರು ಬಾಟಲಿ ಹತ್ತಿರ ರೆಸಿನ್, ರೆಸಿನ್ ತೊಟ್ಟಿಯ ತಳದ ಒಂದು ಎಫ್‌ಇಪಿ ಹಾಳೆ, ಎಲ್ಲ ಸೇರಿ ಆರೇಳು ಸಾವಿರ ಹೋಗಿತ್ತು.

ಕೊನೆಗೆ ಬುಡ ಕೆಳಗೆ, ತುದಿ ಮೇಲೆ ಮಾಡಿ ನಿಲ್ಲಿಸಿದೆ. ಸಪೋರ್ಟ್ ಎಲ್ಲ ಬುಡದ ಮುಖಕ್ಕೆ ಮಾತ್ರ. ಅದು ಹೇಗೂ ಒಡಲಿನೊಳಗೆ ಸೇರಿಕೊಳ್ಳುತ್ತದೆ. ತುದಿ ಅಲ್ಲಾಡುತ್ತದೆ ಅಂದರು. ಪದರ ಪದರಕ್ಕೂ ಪ್ಲೇಟ್ ಮೇಲೇಳುವ ಲಿಫ್ಟ್ ವೇಗ ನಿಮಿಷಕ್ಕೆ 40 ಮಿಲಿಮೀಟರ್‌ಗೆ ಇಳಿಸಿದೆ, ಪ್ರತಿ ಪದರಕ್ಕೆ ಬೆಳಕು ಬೀಳುವ ಎಕ್ಸ್‌ಪೋಷರ್ ಎರಡೂವರೆ ಸೆಕೆಂಡಿನ ಆಸುಪಾಸು. ಎರಡು ರೆಕ್ಕೆಗಳನ್ನು ಒಂದಕ್ಕೊಂದು ಆಸರೆಯಾಗಿ ನಿಲ್ಲಿಸುವ ರೀತಿ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಬಾಗದಂತೆ ಹಿಡಿದಿರುವುದು ಒಳಗಿನ ಹಿತ್ತಾಳೆ ಕಡ್ಡಿ. ಬುಡದಿಂದ ಮುಕ್ಕಾಲು ರೆಕ್ಕೆಯವರೆಗೆ 1.3 ಮಿಲಿಮೀಟರಿನ ರಂಧ್ರ ಬಿಟ್ಟು, 1 ಮಿಲಿಮೀಟರ್ ಕಡ್ಡಿ ತೂರಿಸಿದೆ. ತೊಳೆಯುವಾಗ ಆ ರಂಧ್ರದೊಳಕ್ಕೆ ಸಿರಿಂಜ್‌ನಲ್ಲಿ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹೊಡೆಯಲೇಬೇಕು. ಇಲ್ಲದಿದ್ದರೆ ಒಳಗಿನ ಅಂಟು ರೆಸಿನ್ ಗಟ್ಟಿಯಾಗಿ ಕಡ್ಡಿ ಅರ್ಧಕ್ಕೇ ನಿಲ್ಲುತ್ತದೆ. ಯುವಿ ಹಾಕುವ ಮೊದಲೇ ಕಡ್ಡಿ ಸೇರಿಸಿ, ರೆಕ್ಕೆ ನೆಟ್ಟಗಿದೆಯಾ ನೋಡಿ, ಆಮೇಲೆ ಕ್ಯೂರ್ ಮಾಡಿ. ಈ ಕ್ರಮ ಮುಖ್ಯ.

ಒಡಲು ಟೊಳ್ಳು, ಗೋಡೆ 2 ಮಿಲಿಮೀಟರ್. ರೆಸಿನ್ ಇಳಿಯಲು ಬೇರೆ ತೂತು ಬೇಕಿಲ್ಲ, ಹಿಂದಿನ ಎರಡು ಜೆಟ್ ಪೈಪ್‌ಗಳೇ ಸಾಕು. ಒಳಗಡೆಗೂ ತಂತಿಗೆ ಕಟ್ಟಿದ ಪುಟ್ಟ ಯುವಿ ಎಲ್‌ಇಡಿ ಇಳಿಸಿ ಬೆಳಕು ತೋರಿಸಿ. ಹಸಿ ರೆಸಿನ್ ಉಳಿದರೆ ತಿಂಗಳಾದ ಮೇಲೆ ಗೋಡೆ ಸೀಳಿಕೊಂಡು ಜಿನುಗುತ್ತದೆ. ಡಿಸೆಂಬರ್ ಚಳಿಯಲ್ಲಿ ಬಾಟಲಿಯನ್ನು ಮುಚ್ಚಳ ಬಿಗಿದು ಬಿಸಿನೀರಲ್ಲಿಟ್ಟೇ ಬಳಸುತ್ತೇನೆ.

ಸುಮ್ನೆ ಒಂದು ಪ್ರಯೋಗ ಅಂತ ಪೈಲಟ್ ತಲೆ ಮೇಲಿನ ಪಾರದರ್ಶಕ ಮುಚ್ಚಳ, ಅಂದರೆ ಕ್ಯಾನಪಿಯನ್ನೂ ಕ್ಲಿಯರ್ ರೆಸಿನ್‌ನಲ್ಲಿ ಮಾಡಿದ್ದೆ. ಹಳದಿಯಾಯಿತು. ಈಗ ಅಚ್ಚು ಮಾತ್ರ ಪ್ರಿಂಟ್ ಮಾಡಿ, ಸ್ವೀಟ್ ಅಂಗಡಿ ಡಬ್ಬಿಯ ಪಾರದರ್ಶಕ ಮುಚ್ಚಳವನ್ನು ಬಿಸಿ ಮಾಡಿ ಅದರ ಮೇಲೆ ಎಳೆಯುತ್ತೇನೆ. ಗಾಜಿನ ಹಾಗೆ ಬರುತ್ತದೆ. ಬಣ್ಣ ಬಿಟ್ಟು ಒಂದು ಮಾರುತ್‌ಗೆ ಈಗ ತಗಲುವ ಸಾಮಾನಿನ ಖರ್ಚು ಇನ್ನೂರು ರೂಪಾಯಿ ದಾಟುವುದಿಲ್ಲ.

ಎರಡು ಸೀಟಿನ ತರಬೇತಿ ಮಾರುತ್ ಬ್ಲೆಂಡರ್‌ನಲ್ಲಿ ಅರ್ಧ ಆಗಿದೆ. ಅದರ ಕ್ಯಾನಪಿ ಉದ್ದ ಜಾಸ್ತಿ. ಅಷ್ಟುದ್ದ ಎಳೆದಾಗ ಹಾಳೆ ಎಲ್ಲಿ ಸುಕ್ಕಾಗುತ್ತದೆ ಅಂತ ಮುಂದಿನ ವಾರ ನೋಡಬೇಕು.