ಹತ್ತು ವರ್ಷ ಆದ್ಮೇಲೆ ನನ್ನ ಯಮಹಾ ಆರ್‌ಎಕ್ಸ್ 100 ಬೈಕ್ ಇಂಜಿನ್ ವಾಪಸ್ ಸಿಕ್ತು

ನಾನೇ ಫೈಲ್ (ಅರ) ಹಿಡ್ದು ಪೋರ್ಟ್, ಅಂದ್ರೆ ಸಿಲಿಂಡರ್ ಒಳಗೆ ಮಿಕ್ಸ್ಚರ್, ಹೊಗೆ ಓಡಾಡೋ ದಾರಿ, ಉಜ್ಜಿ ಕಟ್ಟಿದ್ದ 98 ಸಿಸಿ ಇಂಜಿನ್ ಅದು, ತಂಗಿ ಮದುವೆಗೆ ದುಡ್ಡು ಸಾಲ್ದೆ ಗಾಡಿ ಸಮೇತ ಕೊಟ್ಬಿಟ್ಟಿದ್ದೆ. 1996ಕ್ಕೇ ನಿಂತುಹೋದ ಗಾಡಿ, ಇನ್ನೊಂದು ಅಂಥದ್ದು ಎಲ್ಲಿಂದ ತರೋದು? ಹಳೇ ಆರ್‌ಸಿ ಜೆರಾಕ್ಸ್ ಇತ್ತು, ಅದರಲ್ಲಿದ್ದ ಇಂಜಿನ್ ನಂಬರ್ ಹಿಡ್ಕೊಂಡು ದಾವಣಗೆರೆ ಗ್ಯಾರೇಜೆಲ್ಲ ಸುತ್ತಿ, ಅವರು ಇವರನ್ನ ಕೇಳಿ, ಕೊನೆಗೆ ಚಳ್ಳಕೆರೆ ಗುಜರಿ ಅಂಗಡಿಲಿ ಶೇಂಗಾ ಚೀಲದ ಕೆಳಗೆ ಸಿಕ್ತು.

ಪೆಟ್ರೋಲ್ ಬಟ್ಟೆಲಿ ಜಿಡ್ಡು ಒರೆಸ್ತಾ ಹೋದಂಗೆ ಒಂದೊಂದೇ ಅಂಕಿ ಕಾಣಿಸ್ತು, ಆಮೇಲೆ ಇಂಜಿನ್ ತಣ್ಣಗಿಡೋ ಫಿನ್ ಪಟ್ಟಿ ಮೇಲೆ ನಾನು ಹೊಡೆದಿದ್ದ ಮೂರು ಪಂಚ್ ಚುಕ್ಕೆ. ಕಣ್ಣು ತುಂಬಿ ಬಂತು. 'ತಗೊಂಡ್ ಹೋಗಣ್ಣ, ನಿಂದೇ ಅಲ್ವಾ' ಅಂದ್ರು ಅಂಗಡಿಯೋರು, ಆದ್ರೂ ನಂಬರ್ ಬರೆಸಿ ಬಿಲ್ ತಗೊಂಡೆ, ನೀವೂ ಬಿಡಬೇಡಿ.

ಪಿಸ್ಟನ್ ಪೂರ್ತಿ ಜಾಮ್. ದಯವಿಟ್ಟು ಕಿಕ್ ಹೊಡಿಬೇಡಿ, ಕಿಕ್ ಗೇರ್ ಹಲ್ಲು ಹೋಗುತ್ತೆ. ಪ್ಲಗ್ ಬಿಚ್ಚಿ ಡೀಸೆಲ್ ಜೊತೆ ಸ್ವಲ್ಪ ಆಯಿಲ್ ಬಿಟ್ಟು ಎರಡು ದಿನ ಹಾಗೇ ಇಟ್ಟೆ, ಮೂರನೇ ದಿನ ಮ್ಯಾಗ್ನೆಟ್ ನಟ್‌ಗೆ ಸ್ಪ್ಯಾನರ್ ಹಾಕಿ ಆಕಡೆ ಈಕಡೆ ಮೆಲ್ಲಗೆ ಆಡಿಸಿದ್ರೆ ಕಟ್ ಅಂತ ಬಿಟ್ಕೊಳ್ತು. ಬೋರ್, ಅಂದ್ರೆ ಸಿಲಿಂಡರ್ ಒಳಗೋಡೆ, ಗೆರೆ ಬಿದ್ದಿತ್ತು, ಕೊರೆಸಿ ರೀಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕ್ಸಿದೆ. ಕ್ರ್ಯಾಂಕ್ ಸೀಲ್ ಎರಡೂ ಬದಲಾಯಿಸಿದೆ, ಟೂ ಸ್ಟ್ರೋಕಲ್ಲಿ ಅಲ್ಲಿಂದ ಗಾಳಿ ಎಳೆದ್ರೆ ಪೆಟ್ರೋಲ್-ಗಾಳಿ ಮಿಕ್ಸ್ಚರ್ ತೆಳ್ಳಗಾಗಿ ಪಿಸ್ಟನ್ ಮತ್ತೆ ಸೀಜ್ (ಜಾಮ್) ಆಗುತ್ತೆ.

ಮೊನ್ನೆ ಭಾನುವಾರ ನಾಲ್ಕನೇ ಕಿಕ್ಕಿಗೆ ಸ್ಟಾರ್ಟ್ ಆಯ್ತು, ಅದೇ ಸೌಂಡು, ತಂಗಿ ಫೋನಲ್ಲಿ ಕೇಳಿಸ್ಕೊಂಡು ಸುಮ್ನೆ ಅತ್ತಳು.