ಟ್ಯೂಬ್‌ಲೈಟ್ ಆರಿಸಿದ ಮೇಲೆ ಕಂಡ ಅಲೆ

ಅವರು ಬಂದಿದ್ದು ಓದುವ ಕನ್ನಡಕಕ್ಕೆ. ಐವತ್ತು ದಾಟಿದ ಟೇಲರ್. "ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ ಮೇಡಂ" ಅಂದರು, ಅಷ್ಟೇ. ಕಣ್ಣಿನ ಪ್ರೆಶರ್ 18, ಮಾಮೂಲು. ಆದರೆ ಹನಿ ಹಾಕಿ, 90 ಡಯಾಪ್ಟರ್ ಲೆನ್ಸ್ ಹಿಡಿದು ನೋಡಿದಾಗ ಬಲಗಣ್ಣಿನ ನರದ ಕೆಳ ಅಂಚಿನಲ್ಲಿ ದೀಪದ ಕುಡಿಯಂಥ ಸಣ್ಣ ರಕ್ತದ ಗೆರೆ ಕಂಡಿತು. ಕಣ್ಣಿನ ನರ ನಿಧಾನಕ್ಕೆ ಸಾಯುವ ಗ್ಲಾಕೋಮಾ ಕಾಯಿಲೆಯ ಸುಳಿವು ಇದು. ಇದಕ್ಕೆ ಕೆನಡಾದ ಕಣ್ಣಿನ ಡಾಕ್ಟರ್ ಸ್ಟೀಫನ್ ಡ್ರಾನ್ಸ್ ಅವರ ಹೆಸರೇ ಇದೆ. ಕೆಲವು ವಾರ, ತಿಂಗಳಲ್ಲಿ ತಾನಾಗೇ ಮಾಯವಾಗುವ ಗೆರೆ. ಅವತ್ತು ಕಣ್ಣಿಗೆ ಬಿದ್ದಿದ್ದು ಅದೃಷ್ಟ.

ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಬಟನ್ ಒತ್ತುವ ಫೀಲ್ಡ್ ಟೆಸ್ಟ್ ಇನ್ನೊಂದು ದಿನ ಮಾಡಿಸಿದೆ. ಪೂರ್ತಿ ನಾರ್ಮಲ್. ಕಣ್ಣಿನಿಂದ ಮೆದುಳಿಗೆ ಹೋಗುವ ನರದಲ್ಲಿ ಸುಮಾರು 10–12 ಲಕ್ಷ ಎಳೆಗಳಿವೆ. ಒಂದೊಂದೂ ಕಣ್ಣಿನ ಒಳಪದರವಾದ ರೆಟಿನಾದ ಒಂದೊಂದು ಗ್ಯಾಂಗ್ಲಿಯಾನ್ ಕೋಶದ ಬಾಲ. ಅದರಲ್ಲಿ ಕಾಲು ಭಾಗ ಸತ್ತರೂ ಈ ಟೆಸ್ಟ್ ಬಾಯಿ ಬಿಡದೆ ಇರಬಹುದು.

ಆಮೇಲೆ ಓಸಿಟಿ ಆಂಜಿಯೋಗ್ರಫಿ, ಅಂದರೆ ಕಣ್ಣಿನೊಳಗಿನ ರಕ್ತನಾಳಗಳ ಸ್ಕ್ಯಾನ್. ಡೈ ಚುಚ್ಚುವ ರಗಳೆ ಇಲ್ಲ. ಒಂದೇ ಜಾಗವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಎಲ್ಲಿ ಬದಲಾವಣೆ ಕಾಣುತ್ತೋ ಅಲ್ಲಿ ರಕ್ತ ಓಡುತ್ತಿದೆ ಅಂತ ಮೆಷಿನ್ ಲೆಕ್ಕ ಹಾಕುತ್ತದೆ. ಮೊದಲ ಚಿತ್ರದಲ್ಲಿ ಎಲ್ಲಾ ಕಡೆ ಕತ್ತಲು! ಕ್ಷಣ ಗಾಬರಿಯಾಯಿತು. ನೋಡಿದರೆ ಅವರ ಕಣ್ಣು ಒಣಗಿತ್ತು, ಸಿಗ್ನಲ್ ತೀರಾ ಕಡಿಮೆ. ಒಣಗಿದ ಕಣ್ಣು, ಪೊರೆ ಬಂದ ಕಣ್ಣು ಇದ್ದರೆ ಈ ಮೆಷಿನ್ ಇಲ್ಲದ ಬರಗಾಲ ತೋರಿಸುತ್ತದೆ. ಕಣ್ಣೀರಿನ ಹನಿ ಹಾಕಿ, ನಾಲ್ಕು ಸಲ ರೆಪ್ಪೆ ಬಡಿಯಲು ಹೇಳಿ ಮತ್ತೆ ತೆಗೆದೆ. ಈಗ ಕತ್ತಲು ಉಳಿದಿದ್ದು ಒಂದೇ ಕಡೆ: ರಕ್ತದ ಗೆರೆ ಇದ್ದ ಜಾಗದಿಂದ ಬೆಣೆಯ ಹಾಗೆ ಹರಡಿಕೊಂಡಿತ್ತು. ಶುಗರ್‌ನಿಂದಲೂ ಸಣ್ಣ ನಾಳಗಳು ಹಾಳಾಗುತ್ತವೆ, ಅದಕ್ಕೆ ಅದನ್ನೂ ನೋಡಿಸಿದೆ. ಇರಲಿಲ್ಲ.

ಆದರೂ ಒಂದು ಅನುಮಾನ. ರಕ್ತ ಕಡಿಮೆಯಾಗಿ ಕೋಶ ಸೊರಗಿತೋ, ಕೋಶ ಸತ್ತು ಬೇಡಿಕೆ ಇಲ್ಲದೆ ನಾಳ ಸೊರಗಿತೋ? ನಾಳದ ಚಿತ್ರ ಇದನ್ನು ಹೇಳಲ್ಲ. ಉಳಿದ ಕೋಶಗಳು ಕೆಲಸ ಮಾಡ್ತಿವೆಯಾ ಅಂತಲೂ ಹೇಳಲ್ಲ.

ಅದಕ್ಕೇ ಪ್ಯಾಟರ್ನ್ ಇಆರ್‌ಜಿ, ರೆಟಿನಾದ ಕೋಶಗಳು ಹೊರಡಿಸುವ ಸಣ್ಣ ಕರೆಂಟನ್ನು ಅಳೆಯುವ ಟೆಸ್ಟ್. ಪರದೆಯ ಮೇಲೆ ಕಪ್ಪು-ಬಿಳಿ ಚೌಕಗಳು ಜಾಗ ಬದಲಿಸುತ್ತಿರುತ್ತವೆ. ಕೆಳರೆಪ್ಪೆಯ ಒಳಗೆ ಕೂದಲಿನಂಥ ಎಲೆಕ್ಟ್ರೋಡ್ ದಾರ. ಸಿಗುವುದು ಬರೀ ಕೆಲವು ಮೈಕ್ರೋವೋಲ್ಟ್. ಇಸಿಜಿಯ ಮುಂದೆ ನೂರಾರು ಪಟ್ಟು ಸಣ್ಣದು. ಹಾಗಾಗಿ ಇನ್ನೂರು ಸಲ ತೆಗೆದು ಸರಾಸರಿ ಮಾಡುತ್ತೇನೆ.

ಇಲ್ಲಿ ನಾನು ಎಡವಿದೆ. ಸ್ಕ್ಯಾನ್‌ಗೆ ಅಂತ ಪಾಪೆ ಹಿಗ್ಗಿಸಿದ್ದ ಕಣ್ಣಿಗೇ ಈ ಟೆಸ್ಟ್ ಮಾಡಿಬಿಟ್ಟೆ, ಅದೂ ಕನ್ನಡಕ ಇಲ್ಲದೆ. ಚೌಕಗಳೇ ಮಸುಕಾದರೆ ಅಲೆ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಗ್ರಾಫ್ ತುಂಬಾ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಡುವಿಕೆ. ಮರುದಿನ ಮತ್ತೆ ಕರೆಸಿದೆ. ಪಾಪೆ ಹಿಗ್ಗಿಸಲಿಲ್ಲ, ಪರದೆಯ ದೂರಕ್ಕೆ ಸರಿಯಾದ ಪವರ್ ಹಾಕಿದೆ, ಟ್ಯೂಬ್‌ಲೈಟ್ ಆರಿಸಿದೆ, ಮೊಬೈಲ್ ಚಾರ್ಜರ್ ಕಿತ್ತೆ. ಹಣೆಯ ಅರ್ಥಿಂಗ್ ಕೆಳಗಿನ ಚರ್ಮವನ್ನು ಚೆನ್ನಾಗಿ ಉಜ್ಜಿ ಒರೆಸಿದೆ. ಆಗ ಅಲೆ ಕಂಡಿತು. ಸುಮಾರು 50 ಮಿಲಿಸೆಕೆಂಡಿಗೆ ಬರುವ ಏರು, ಪಿ50, ತಕ್ಕಮಟ್ಟಿಗೆ ಚೆನ್ನಾಗಿತ್ತು. ಅದರ ಹಿಂದೆ ಸುಮಾರು 95 ಮಿಲಿಸೆಕೆಂಡಿಗೆ ಬರಬೇಕಾದ ಇಳಿತ, ಎನ್95, ಮಾತ್ರ ಎಡಗಣ್ಣಿಗಿಂತ ಎದ್ದು ಕಾಣುವಷ್ಟು ಕುಗ್ಗಿತ್ತು. ಎನ್95 ಹೆಚ್ಚುಕಡಿಮೆ ಗ್ಯಾಂಗ್ಲಿಯಾನ್ ಕೋಶಗಳದೇ ದನಿ.

ಪ್ರೆಶರ್ ಇಳಿಸುವ ಲ್ಯಾಟನೋಪ್ರೋಸ್ಟ್, ರಾತ್ರಿ ಒಂದು ಹನಿ, ಶುರು ಮಾಡಿದೆ. "ಪ್ರೆಶರ್ ನಾರ್ಮಲ್ ಅಂದ್ರಲ್ಲ, ಮತ್ಯಾಕೆ ಡ್ರಾಪ್ಸ್?" ಅಂದರು. ಬೇರೆಯವರಿಗೆ ನಾರ್ಮಲ್, ನಿಮ್ಮ ನರಕ್ಕೆ ಅದೇ ಜಾಸ್ತಿ ಅಂದೆ.

ನಾಲ್ಕು ತಿಂಗಳಿಗೆ ಪ್ರೆಶರ್ 13. ನಾಳದ ಬೆಣೆ ಇದ್ದ ಹಾಗೇ ಇತ್ತು. ಎನ್95 ಸ್ವಲ್ಪ ಮೇಲೆ ಬಂದಿತ್ತು. ಸತ್ತ ಕೋಶ ಎದ್ದು ಬರಲ್ಲ, ಆದರೆ ಸುಸ್ತಾದದ್ದು ಮತ್ತೆ ಕೆಲಸಕ್ಕೆ ಬರಬಹುದು. ಹಾಗಂತ ನಾನು ಕುಣಿಯಲಿಲ್ಲ. ಒಬ್ಬರಿಗೇ ವಾರದಲ್ಲಿ ಎರಡು ಸಲ ಮಾಡಿದರೂ ಇಷ್ಟು ಏರುಪೇರು ಬರುತ್ತದೆ. ಇನ್ನೆರಡು ಸಲ ತೆಗೆಯದೆ ಅವರಿಗೂ ಏನೂ ಹೇಳಬಾರದು ಅಂದುಕೊಂಡೆ.

ಇದು ಮನೆಯವರಲ್ಲೂ ಇರಬಹುದಾದ ಕಾಯಿಲೆ, ಒಡಹುಟ್ಟಿದವರನ್ನು ಕರೆತನ್ನಿ ಅಂತ ಮಾತ್ರ ಹೇಳಿ ಕಳಿಸಿದೆ. ಹದಿನೈದು ದಿನಕ್ಕೆ ತಮ್ಮ ಬಂದರು, ಕಣ್ಣು ಚೆನ್ನಾಗೇ ಇದೆ, ಅಣ್ಣ ಸುಮ್ನೆ ಎಳ್ಕೊಂಡ್ ಬಂದ ಅಂತ ಗೊಣಗುತ್ತಾ. ಪ್ರೆಶರ್ 26.